ಬಿಜಾಗರಿ ಮತ್ತು ಮಗಳ ಹೆಸರು

ನನ್ನ ಕೆಲಸ ಏನೆಂದು ನಮ್ಮ ಮನೆಯವರಿಗೆ ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ. ಪುತ್ತೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ವಾಕ್ ಚಿಕಿತ್ಸಕಿಯಾಗಿ ತಲೆಗೂದಲು ಬೆಳ್ಳಗಾಗುವವರೆಗೆ ದುಡಿದೆ. ವಾರದಲ್ಲಿ ಒಂದು ದಿನ ಸುಳ್ಯಕ್ಕೆ, ಒಂದು ದಿನ ಕಡಬಕ್ಕೆ ಬಸ್ಸು ಹತ್ತಿ ಹೋಗುತ್ತಿದ್ದೆ. ರಾಮಕುಂಜದ ನನ್ನ ಅತ್ತೆ ನೆಂಟರಿಗೆಲ್ಲ, "ನಮ್ಮ ವಾರಿಜ ಆಸ್ಪತ್ರೆಯಲ್ಲಿ ಮಾತಾಡುವ ಕೆಲಸದಲ್ಲಿ ಇರುದು" ಎಂದು ಪರಿಚಯಿಸುತ್ತಿದ್ದರು. ಅದಕ್ಕೆ ಸಂಬಳವೂ ಉಂಟಾ ಎಂದು ಕೇಳಿದವರಿದ್ದಾರೆ. ನಾನು ಹುಟ್ಟಾ ಬಾಯಿಬಡುಕಿ. ಸಂಬಳ ಕೊಡದಿದ್ದರೂ ಮಾತಾಡುವವಳೇ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನನಗಿಂತ ಹೆಚ್ಚು ಓದಿಕೊಂಡು ಬರುತ್ತಾರೆ. ಮಿದುಳಿನ ಯಾವ ಮೂಲೆಯಲ್ಲಿ ಯಾವ ಮಾತು ಕೂತಿದೆ ಎಂದು ಕಣ್ಣುಮುಚ್ಚಿ ಹೇಳುತ್ತಾರೆ. ಅವರಿಗೆ ನಾನು ಹೇಳಬೇಕಾದದ್ದು ಓದಿನಲ್ಲಿ ಸಿಗದ ಸಂಗತಿಗಳು. ಪಾರ್ಶ್ವವಾಯು ಹೊಡೆದವರು ಒಬ್ಬರೇ ಆಸ್ಪತ್ರೆಗೆ ಬರುವುದಿಲ್ಲ ಮಕ್ಕಳೇ. ಹಿಂದಿನಿಂದ ಒಂದು ಜೀಪು ತುಂಬ ನೆಂಟರು ಬರುತ್ತಾರೆ, ಅವರ ಜೊತೆ ಒಂದು ಬುತ್ತಿಯೂ ಬರುತ್ತದೆ. ರೋಗಿಯ ನಾಡಿ ನೋಡುವ ಮೊದಲು ಆ ಬುತ್ತಿಯ ಮುಚ್ಚಳ ತೆಗೆದು ನೋಡಬೇಕು.

ಬುತ್ತಿಯಲ್ಲಿ ಇರುವುದು ಗಂಜಿ. ನಮ್ಮ ಕಡೆ ಜ್ವರವಿರಲಿ, ಹೆರಿಗೆಯಿರಲಿ, ಮನಸ್ಸಿಗೆ ಬೇಸರವಿರಲಿ, ಗಂಜಿಗಿಂತ ಹಗುರವಾದ ಊಟವಿಲ್ಲ ಎಂದು ಎಲ್ಲ ಜಾತಿಯವರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಆದರೆ ಗಂಟಲಿನ ಶಕ್ತಿ ಕುಂದಿದವರಿಗೆ ಕುಚ್ಚಲಕ್ಕಿ ಗಂಜಿಯಷ್ಟು ಅಪಾಯದ್ದು ಇನ್ನೊಂದಿಲ್ಲ. ಅಗುಳು ಜಗಿಯಬೇಕು, ತಿಳಿ ನುಂಗಬೇಕು. ನಾಲಿಗೆ ಎರಡನ್ನೂ ಒಟ್ಟಿಗೆ ಸಂಭಾಳಿಸಲಾರದೆ ಅಗುಳನ್ನು ಹಿಡಿದುಕೊಂಡಿರುವಾಗ ತಿಳಿ ಜಾರಿ ಶ್ವಾಸನಾಳಕ್ಕೆ ಇಳಿಯುತ್ತದೆ. ಆಮೇಲೆ ಕೆಮ್ಮು, ಜ್ವರ, ನ್ಯುಮೋನಿಯ. ಮಿದುಳಿನ ಹೊಡೆತದಿಂದ ಪಾರಾದವರನ್ನು ಗಂಜಿ ಕೆಡವಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಂಪಾಜೆಯ ಪೂವಮ್ಮ ಎಂಬ ಅಜ್ಜಿ ಬಂದಾಗ ಅವರ ಮಗ ಚಮಚ ಎತ್ತಿ ಆಗಿತ್ತು. ನಾನು ಓಡಿ ಹೋಗಿ ಕೈ ಹಿಡಿದೆ. "ಗಂಜಿಗೂ ಅಡ್ಡ ಬರ್ತೀರಲ್ಲ, ಎಂತ ಆಸ್ಪತ್ರೆ ಮಾರಾಯ್ರೆ ಇದು?" ಎಂದು ಅವನು ಜಗಳಕ್ಕೇ ನಿಂತ. ಅಜ್ಜಿಯ ಗಂಟಲು ಪರೀಕ್ಷಿಸಿ, ಗಟ್ಟಿಯಾದ ರಾಗಿ ಮಣ್ಣಿ ಮಾತ್ರ ಕೊಡಬೇಕೆಂದು ಹೇಳಿದೆ. ರಾಗಿ ಮಣ್ಣಿ ನಮ್ಮಲ್ಲಿ ಎಳೆ ಮಕ್ಕಳ ಊಟ. ಅಜ್ಜಿಗೆ ಭಾರೀ ಅವಮಾನವಾಯಿತು. ಅರ್ಧ ಬಾಯಿಯಲ್ಲೇ, "ನನ್ನನ್ನು ತೊಟ್ಟಿಲಿಗೂ ಹಾಕ್ತೀರಾ?" ಎಂದು ಕೇಳಿದರು. ಕೆಲವು ವಾರ ಗಂಟಲಿನ ವ್ಯಾಯಾಮ ಮಾಡಿಸಿದ ಮೇಲೆ ಗಂಜಿಗೆ ಒಪ್ಪಿಗೆ ಕೊಟ್ಟೆ. ಕೊಟ್ಟ ತಕ್ಷಣ, ಉಪ್ಪಿನಕಾಯಿ ಎಲ್ಲಿ ಎಂದರು. ರಕ್ತದೊತ್ತಡದವರಿಗೆ ಉಪ್ಪು ಕಡಿಮೆ, ಉಪ್ಪಿನಕಾಯಿ ಇಲ್ಲವೇ ಇಲ್ಲ ಎಂದೆ. "ಗಂಟಲು ಬಿಟ್ಟು ಕೊಟ್ಟಿರಿ, ನಾಲಿಗೆ ಹಿಡಿದಿಟ್ಟುಕೊಂಡಿರಿ" ಎಂದು ಅಜ್ಜಿ ಮುಖ ತಿರುಗಿಸಿದರು. ತಲೆ ತಿರುಗುವುದು ನಿಂತಿತೆಂದು ತಾವೇ ಒತ್ತಡದ ಮಾತ್ರೆ ಬಿಟ್ಟದ್ದರಿಂದಲೇ ಇಷ್ಟೆಲ್ಲ ಆದದ್ದು. ಮಾತ್ರೆ ತಿಂದು ಸರಿಹೋಯಿತೆಂದು ಮಾತ್ರೆ ಬಿಡುವವರು ಈಗಲೂ ವಾರಕ್ಕೊಬ್ಬರಾದರೂ ಸಿಗುತ್ತಾರೆ.

ನಮ್ಮ ದೊಡ್ಡ ಡಾಕ್ಟರ ಬಗ್ಗೆ ಒಂದು ಮಾತು ಹೇಳಬೇಕು. ಮೇಲಧಿಕಾರಿಗಳಲ್ಲಿ ನಾನು ಕಂಡ ಅಪರೂಪದ ಗುಣ ಅವರದ್ದು: ತಮ್ಮದೇ ಹಳೆಯ ಮಾತನ್ನು ನಗುನಗುತ್ತಾ ಹಿಂದೆ ತೆಗೆದುಕೊಳ್ಳುವುದು. ನಾನು ಸೇರಿದ ಕಾಲಕ್ಕೆ, "ಆರು ತಿಂಗಳಲ್ಲಿ ಬಾರದ್ದು ಮತ್ತೆ ಬರುದಿಲ್ಲ, ಮನೆಯವರಿಗೆ ಆಸೆ ಹುಟ್ಟಿಸ್ಬೇಡಿ" ಎನ್ನುತ್ತಿದ್ದರು. ಎಲ್ಲ ಕಡೆ ಆಗ ಹಾಗೆಯೇ ಹೇಳುತ್ತಿದ್ದರು. ಆಮೇಲೆ ಹೊಸ ಸಂಶೋಧನೆಗಳು ಬಂದವು. ಮಿದುಳು ಕೆಟ್ಟ ದಾರಿಯನ್ನು ಬಿಟ್ಟು ಬಳಸು ದಾರಿ ಹುಡುಕಿಕೊಳ್ಳುತ್ತದೆ, ಬಿಡದೆ ಅಭ್ಯಾಸ ಮಾಡಿದರೆ ವರ್ಷಗಳ ನಂತರವೂ ಮಾತು ಸುಧಾರಿಸುತ್ತದೆ, ಮನೆಯವರಿಗೆ ತರಬೇತಿ ಕೊಟ್ಟರೆ ಇನ್ನೂ ಒಳ್ಳೆಯದು ಎಂದು ತಿಳಿಯಿತು. ಡಾಕ್ಟರು ಚಹಾದ ಹೊತ್ತಿಗೆ ಅದನ್ನೆಲ್ಲ ಗಟ್ಟಿಯಾಗಿ ಓದಿ ಹೇಳಿ, "ವಾರಿಜಾ, ನಾನು ಇಷ್ಟು ವರ್ಷ ಹೇಳಿದ್ದು ತಪ್ಪು. ಹಳೆಯ ರೋಗಿಗಳನ್ನೆಲ್ಲ ಪುನಃ ಕರೆಸಿ" ಎಂದರು. ಕರೆಸಿದೆವು. ಬಂದವರಲ್ಲಿ ಕೆಲವರು ನಮಗೆ ಬೈಯುವಷ್ಟು ಮಾತು ಕಲಿತರು.

ಚುಚ್ಚುಮದ್ದಿನ ವಿಷಯವೂ ಹಾಗೆಯೇ. ಮೊದಲೆಲ್ಲ ರೋಗಿ ಬಂದರೆ ಮಲಗಿಸಿ ಕಾಯುವುದೇ ಚಿಕಿತ್ಸೆಯಾಗಿತ್ತು. ಈಗ ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದ ನಾಲ್ಕೂವರೆ ಗಂಟೆಯೊಳಗೆ ಬಂದರೆ, ಸ್ಕ್ಯಾನ್ ಮಾಡಿ ರಕ್ತಸ್ರಾವವಲ್ಲ, ಹೆಪ್ಪು ಎಂದು ಗೊತ್ತಾದರೆ, ಅದನ್ನು ಕರಗಿಸುವ ಮದ್ದು ಕೊಡಬಹುದು. ಹಿಂದೆ ಅದನ್ನು ಒಂದು ಗಂಟೆ ಹೊತ್ತು ಡ್ರಿಪ್ಪಿನಲ್ಲಿ ಇಳಿಸಬೇಕಿತ್ತು, ಈಗ ಒಂದೇ ಸಲಕ್ಕೆ ಕೊಡುವ ಮದ್ದು ಬಂದಿದೆ. ದೊಡ್ಡ ಹೆಪ್ಪಾದರೆ ಮಂಗಳೂರಿನಲ್ಲಿ ತೊಡೆಯ ರಕ್ತನಾಳದಿಂದ ನಳಿಗೆ ತೂರಿಸಿ ಮಿದುಳಿನಿಂದ ಎಳೆದೇ ತೆಗೆಯುತ್ತಾರೆ. ಆದರೆ ಮೊದಲು ಎಣ್ಣೆ ತಿಕ್ಕಿಸಿ, ಆಮೇಲೆ ಮಂತ್ರಿಸಿದ ನೂಲು ಕಟ್ಟಿಸಿ, ಮಧ್ಯಾಹ್ನದ ಊಟ ಮುಗಿಸಿ ಬಂದರೆ ಯಾವ ಮದ್ದೂ ಕೆಲಸಕ್ಕೆ ಬಾರದು.

ಹಸನಬ್ಬನವರು ಬದುಕಿದ್ದು ಅವರ ಹೆಂಡತಿ ಖತೀಜಮ್ಮನಿಂದ. ಕಡಬ ಪೇಟೆಯಲ್ಲಿ ಅವರದ್ದು ಹಾರ್ಡ್‌ವೇರ್ ಅಂಗಡಿ, ಮನೆ ಕೋಡಿಂಬಾಳದಲ್ಲಿ. ಒಂದು ಬೆಳಿಗ್ಗೆ ತಿಂಡಿಗೆ ಕೂತವರ ಬಲಗೈಯಿಂದ ರೊಟ್ಟಿ ಜಾರಿ ಬಿತ್ತು. ಎತ್ತಲು ಹೋದರೆ ಕೈ ಏಳಲಿಲ್ಲ, ಏನಾಯಿತೆಂದು ಕೇಳಿದರೆ ನಾಲಿಗೆ ಹೊರಳಲಿಲ್ಲ. ಅಕ್ಕಪಕ್ಕದವರು ಒಬ್ಬೊಬ್ಬರು ಒಂದೊಂದು ಎಣ್ಣೆಯ ಹೆಸರು ಹೇಳುತ್ತಿರುವಾಗ ಖತೀಜಮ್ಮ ತಮ್ಮನನ್ನು ಕರೆದು ಕಾರು ತೆಗೆಸಿದರು. ಅವರ ತಂದೆ ಹಿಂದೆ ಇದೇ ಕಾಯಿಲೆಯಲ್ಲಿ ಎಣ್ಣೆಯನ್ನೇ ನಂಬಿ ಕೊನೆಯವರೆಗೆ ಹಾಸಿಗೆಯಲ್ಲಿದ್ದರಂತೆ. "ಪುತ್ತೂರಿಗೆ ಬಿಡು, ಎಲ್ಲಿಯೂ ನಿಲ್ಲಿಸ್ಬೇಡ" ಎಂದರಂತೆ. ಸಮಯಕ್ಕೆ ಸರಿಯಾಗಿ ಮದ್ದು ಸಿಕ್ಕಿತು. ಕಾಲು ಬೇಗ ಬಂತು, ಕೈ ನಿಧಾನಕ್ಕೆ ಬಂತು, ಮಾತು ಮಾತ್ರ ಬರಲಿಲ್ಲ. ಹಾಗೆ ಅವರು ನನ್ನ ಪಾಲಿಗೆ ಬಂದರು.

ಬಾಯಿ ತೆರೆದರೆ ಅವರಿಗೆ ಬರುತ್ತಿದ್ದದ್ದು ಒಂದೇ ಪದ: ಬಿಜಾಗರಿ. ಬಾಗಿಲಿಗೆ ಹಾಕುವ ಬಿಜಾಗರಿ. ನೀರು ಬೇಕಾದರೂ ಬಿಜಾಗರಿ, ಕಾಲು ನೋವಾದರೂ ಬಿಜಾಗರಿ. ಡಾಕ್ಟರು ಬಂದರೆ ಎಡಗೈ ಎತ್ತಿ ಬಹಳ ಗೌರವದಿಂದ, "ಬಿಜಾಗರಿ" ಎನ್ನುತ್ತಿದ್ದರು. ತಾನು ಹೇಳಿದ್ದು ತಪ್ಪೆಂದು ಅವರಿಗೆ ಗೊತ್ತಾಗುತ್ತಿತ್ತು, ಅದೇ ಸಂಕಟ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಹೇಳಬೇಕಾದ್ದು ಒಳಗೆ ಸರಿಯಾಗಿಯೇ ಇದೆ, ಹೊರಗೆ ಬರುವಾಗ ಮಾತ್ರ ಒಂದೇ ಪದ ಸಿಕ್ಕಿಕೊಂಡಿರುತ್ತದೆ. ಇನ್ನೊಂದು ವಿಚಿತ್ರವೆಂದರೆ ಪ್ರಾರ್ಥನೆಯ ಸೂರಾಗಳು ಒಂದಕ್ಷರ ತಪ್ಪದೆ ಬರುತ್ತಿದ್ದವು. ಖತೀಜಮ್ಮನ ತಮ್ಮ ಅದ್ರಾಮ ಅದನ್ನು ಕೇಳಿ, "ಮೇಡಂ, ಮಾತು ಉಂಟು ಇವರಿಗೆ. ನಮ್ಮ ಮೇಲೆ ಎಂತದೋ ಸಿಟ್ಟು" ಎಂದರು. ಬಾಯಿಪಾಠವಾದದ್ದು ಮಿದುಳಿನಲ್ಲಿ ಬೇರೆ ಕಡೆ ಇರುತ್ತದೆ, ಭಜನೆ ಹಾಡುವವರಿಗೂ ಹೀಗೆಯೇ ಆಗುತ್ತದೆ ಎಂದು ವಿವರಿಸಿದೆ. ಅವರು ತಲೆಯಾಡಿಸಿ, ಹೊರಗೆ ಹೋಗಿ ಅಕ್ಕನ ಹತ್ತಿರ, ಸಿಟ್ಟು ಯಾಕಿರಬಹುದು ಎಂದು ಕೇಳಿದರು.

ಸಮಸ್ಯೆಯೆಂದರೆ ಮಗಳು ಶಮೀಮಾಳ ನಿಖಾ ಮೊದಲೇ ಗೊತ್ತಾಗಿತ್ತು. ಹುಡುಗ ಗಲ್ಫಿನಲ್ಲಿ ಕೆಲಸದಲ್ಲಿದ್ದ, ಅವನ ರಜೆಯನ್ನು ಹಿಂದೆ ಮುಂದೆ ಮಾಡುವಂತಿರಲಿಲ್ಲ. ನಿಖಾದಲ್ಲಿ ಹುಡುಗಿಯ ತಂದೆ ಮದುಮಗನ ಬಲಗೈ ಹಿಡಿದುಕೊಂಡು, ನನ್ನ ಮಗಳು ಇಂಥವಳನ್ನು ನಿನಗೆ ಮದುವೆ ಮಾಡಿಕೊಟ್ಟಿದ್ದೇನೆ ಎಂದು ಬಾಯಿಬಿಟ್ಟು ಹೇಳಬೇಕು. ಆಗದಿದ್ದರೆ ಮಸೀದಿಯ ಗುರುಗಳಾದ ಖತೀಬರಿಗೆ ಆ ಅಧಿಕಾರ ಒಪ್ಪಿಸಬಹುದು. ಎಷ್ಟೋ ಮನೆಯಲ್ಲಿ ಹಾಗೆ ಮಾಡುತ್ತಾರೆ, ಅದರಲ್ಲಿ ಕಡಿಮೆಯೇನಿಲ್ಲ. ಅದ್ರಾಮ ಇದನ್ನು ಮೆತ್ತಗೆ ಪ್ರಸ್ತಾಪಿಸಿದಾಗ ಹಸನಬ್ಬನವರು ಎಡಗೈಯಿಂದ ಮಂಚಕ್ಕೆ ಗುದ್ದಿ, "ಬಿಜಾಗರಿ!" ಎಂದು ಕೂಗಿದರು. ಯಾರಿಗೂ ಅನುವಾದ ಬೇಕಾಗಲಿಲ್ಲ. ಶಮೀಮಾ ನನ್ನನ್ನು ಹೊರಗೆ ಕರೆದು, "ಮೇಡಂ, ಉಪ್ಪ ಹೇಳದಿದ್ರೂ ನನಗೆ ಬೇಜಾರಿಲ್ಲ. ಆದ್ರೆ ಮೈಕಿನಲ್ಲಿ ನನ್ನ ಹೆಸರಿನ ಜಾಗದಲ್ಲಿ ಅದು ಬಂದು, ಜನ ನಗಾಡಿದ್ರೆ ಉಪ್ಪನಿಗೆ ಹೇಗಾಗ್ಬಹುದು?" ಎಂದಳು. ಉಪ್ಪ ಎಂದರೆ ಅವರಲ್ಲಿ ಅಪ್ಪ.

ಕೆಲಸ ಶುರು ಮಾಡಿದೆ. ನಮ್ಮಲ್ಲಿದ್ದ ಚಿತ್ರದ ಕಾರ್ಡುಗಳು ಯಾವುದೋ ಹಿಮದ ದೇಶದವು. ಮಂಜಿನ ಮನೆ, ಜಾರುಬಂಡಿ, ಇನ್ನೇನೋ ಪ್ರಾಣಿ. ಕಡಬದ ಮನುಷ್ಯ ಚೆನ್ನಾಗಿದ್ದಾಗಲೂ ಅವುಗಳ ಹೆಸರು ಹೇಳಲಿಕ್ಕಿಲ್ಲ. ಅವನ್ನು ಬದಿಗಿಟ್ಟು ಹಸನಬ್ಬನವರ ಅಂಗಡಿಯಿಂದಲೇ ಚಿಲಕ, ಮೊಳೆ, ನಲ್ಲಿ, ಹಗ್ಗ, ಬೀಗ ತರಿಸಿ ಚೀಲದಲ್ಲಿ ತುಂಬಿಸಿಕೊಂಡೆ. ಬಸ್ಸಿನಲ್ಲಿ ಅದು ಠಣಠಣ ಎನ್ನುವುದನ್ನು ಕೇಳಿ ಕಂಡಕ್ಟರು, "ಅಕ್ಕ, ಆಸ್ಪತ್ರೆ ಬಿಟ್ರಾ? ಪ್ಲಂಬಿಂಗ್ ಶುರು ಮಾಡಿದ್ದಾ?" ಎಂದರು. ಕೈಗೆ ಪರಿಚಯವಾದ ವಸ್ತು ಕೊಟ್ಟರೆ ಕೆಲವೊಮ್ಮೆ ನಾಲಿಗೆಗೆ ದಾರಿ ಸಿಗುತ್ತದೆ. ಬೀಗ ಹಿಡಿದು ತಿರುಗಿಸಿ, ಬೆವರಿ, ಒಂದು ದಿನ "ಬೀ... ಬೀಗ" ಎಂದರು. ಅಲ್ಲಿಗೆ ಎರಡು ಪದಗಳಾದವು. ನಾನು ಕುಣಿಯುವುದೊಂದು ಬಾಕಿ.

ಆದರೆ ಮನೆಗೆ ಹೋದರೆ ಎಲ್ಲವೂ ನಿಂತುಹೋಗುತ್ತಿತ್ತು. ಕಾರಣ ಹುಡುಕಲು ನಾನೇ ಕೋಡಿಂಬಾಳಕ್ಕೆ ಹೋದೆ. ಚಾವಡಿ ತುಂಬ ಜನ. ರೋಗಿಯನ್ನು ನೋಡಲು ಬರುವುದು ನಮ್ಮ ಕಡೆಯ ದೊಡ್ಡ ಮರ್ಯಾದೆ. ಬಂದವರು ಸುಮ್ಮನೆ ಕೂರುವುದುಂಟೇ? ಒಬ್ಬರು ತುಳುವಿನಲ್ಲಿ, ಒಬ್ಬರು ಮಲಯಾಳದಲ್ಲಿ, ಇನ್ನೊಬ್ಬರು ಕನ್ನಡದಲ್ಲಿ ಹೇಗಿದ್ದೀರಿ ಎಂದು ಕೇಳುತ್ತಿದ್ದರು. ಹಸನಬ್ಬನವರು ತುಟಿ ಅಲ್ಲಾಡಿಸುವ ಮೊದಲೇ ಅದ್ರಾಮ, "ಈಗ ಪರವಾಗಿಲ್ಲ, ಊಟ ಮಾಡ್ತಾರೆ" ಎಂದು ಮೂರೂ ಭಾಷೆಯಲ್ಲಿ ಉತ್ತರಿಸಿ ಮುಗಿಸುತ್ತಿದ್ದರು. ಹಿರಿಯರು ಮಾತಿಗೆ ತಡವರಿಸುವುದನ್ನು ನೋಡುತ್ತಾ ಕೂರುವುದು ಅವರಿಗೆ ಅಗೌರವವಾಗಿ ಕಂಡಿತ್ತು. ಪ್ರೀತಿಯಿಂದಲೇ ಎಲ್ಲರೂ ಸೇರಿ ಆ ಮನುಷ್ಯನ ಪಾಲಿನ ಮಾತನ್ನೆಲ್ಲ ಆಡಿಬಿಡುತ್ತಿದ್ದರು.

ಚಾವಡಿಯ ಮಧ್ಯೆ ನಿಂತು ನಾನು ಜಾಡಿಸಿದೆ. "ನೋಡಿ, ಒಮ್ಮೆಗೆ ಒಬ್ಬರೇ ಮಾತಾಡುದು. ಕೇಳಿದ ಮೇಲೆ ಬಾಯಿ ಮುಚ್ಚಿ ಕೂತ್ಕೊಳ್ಳುದು. ಎಷ್ಟು ಹೊತ್ತಾದ್ರೂ ಅವರೇ ಹೇಳ್ಬೇಕು" ಎಂದೆ. ಖತೀಜಮ್ಮ ಕೂಡಲೇ ಒಂದು ಉಪಾಯ ಕಂಡುಕೊಂಡರು. ಗಂಡನಿಗೆ ಏನಾದರೂ ಕೇಳಿದ ಮೇಲೆ ಮನಸ್ಸಿನಲ್ಲೇ ಒಂದು ಸ್ವಲಾತ್, ಅಂದರೆ ಪ್ರವಾದಿಯವರ ಹೆಸರಿನ ಚಿಕ್ಕ ಪ್ರಾರ್ಥನೆ, ಹೇಳಿಕೊಳ್ಳುವುದು, ಅದು ಮುಗಿಯುವವರೆಗೆ ತುಟಿ ಬಿಚ್ಚದಿರುವುದು. ಅದ್ರಾಮರಿಗೆ ಅದೂ ಸಾಕಾಗಲಿಲ್ಲ. ಬಾಯಲ್ಲಿ ಪೆಪ್ಪರ್‌ಮಿಂಟ್ ಇಟ್ಟುಕೊಂಡು ಕೂರುತ್ತಿದ್ದರು, ಅದನ್ನೂ ಕಚ್ಚಿ ಪುಡಿ ಮಾಡಿ, "ಹೇಳಿದ್ರಾ?" ಎಂದು ಕೇಳುತ್ತಿದ್ದರು. ನಾನೇನು ಕಡಿಮೆಯೇ? ಎದುರಿಗಿದ್ದವರ ಬಾಯಲ್ಲಿ ಪದ ಅರ್ಧಕ್ಕೆ ನಿಂತರೆ ನನ್ನ ನಾಲಿಗೆ ತುರಿಸುತ್ತದೆ. ಇಷ್ಟು ವರ್ಷಗಳಲ್ಲಿ ನಾನು ಕಷ್ಟಪಟ್ಟು ಕಲಿತ ವಿದ್ಯೆ ಸುಮ್ಮನಿರುವುದೊಂದೇ.

ಅವರನ್ನು ಅಂಗಡಿಯಲ್ಲಿ ಕೂರಿಸಿ ಎಂದೂ ಹೇಳಿದೆ. ಮೊದಲ ದಿನ ನಾನೂ ಹೋಗಿದ್ದೆ. ಪರಿಚಯದ ರಬ್ಬರ್ ಕೃಷಿಕರೊಬ್ಬರು ಮೆಟ್ಟಿಲು ಹತ್ತುತ್ತಿದ್ದಂತೆ ಹಸನಬ್ಬನವರ ಮುಖದಲ್ಲಿ ಹಳೆಯ ವ್ಯಾಪಾರದ ನಗೆ ಬಂತು. ಬಾಯಿ ತೆರೆದರು. "ಬಲೆ. ಕುಲ್ಲುಲೆ." ಬನ್ನಿ, ಕೂತ್ಕೊಳ್ಳಿ ಎಂದು ಸ್ಪಷ್ಟ ತುಳುವಿನಲ್ಲಿ! ಮನೆಯ ಭಾಷೆ ಬ್ಯಾರಿ, ನಾನು ಕಲಿಸುತ್ತಿದ್ದದ್ದು ಕನ್ನಡ, ಬಂದದ್ದು ಜೀವನವಿಡೀ ಅಂಗಡಿಯಲ್ಲಿ ಆಡಿದ ತುಳು. ಗಿರಾಕಿಗೆ ಎಷ್ಟು ಸಂತೋಷವಾಯಿತೆಂದರೆ ಕೂತವರು ಏಳಲೇ ಇಲ್ಲ, ಏನು ಕೊಳ್ಳಲು ಬಂದದ್ದೆಂದೂ ಮರೆತರು. ಮರುದಿನದಿಂದ ನಾನೂ ನನ್ನ ತುಳುವನ್ನೇ ಹಿಡಿದೆ. ತುಳುವಿನ ಬೆನ್ನು ಹಿಡಿದು ಬ್ಯಾರಿ ಬಂತು, ಕನ್ನಡವೂ ಚೂರು ಚೂರು ಬಂತು. ಅನೇಕ ಭಾಷೆ ಬಲ್ಲವರಿಗೆ ಯಾವುದು ಮೊದಲು ಮರಳುತ್ತದೆಂದು ಹೇಳುವುದು ಕಷ್ಟ ಎಂದು ಡಾಕ್ಟರು ಆಮೇಲೆ ಓದಿ ಹೇಳಿದರು.

ಹೆಸರುಗಳು ಮಾತ್ರ ಹಟ ಹಿಡಿದವು. ಈ ಕಾಯಿಲೆಯಲ್ಲಿ ಮನುಷ್ಯರ ಹೆಸರು ಎಲ್ಲಕ್ಕಿಂತ ಕೊನೆಗೆ ಬರುವುದು ಸಾಮಾನ್ಯ. "ಶ" ಎಂದು ತುಟಿ ತೋರಿಸಿ ಸುಳಿವು ಕೊಟ್ಟೆ, ಮಗಳ ಫೋಟೋ ಎದುರಿಗಿಟ್ಟೆ. ನಾನು ಹೇಳಿದ್ದನ್ನೇ ನನ್ನ ಹಿಂದೆ ಹೇಳಿ ಎಂದರೆ ನಾಲಿಗೆ ಪೂರ್ತಿ ಕಟ್ಟಿಕೊಳ್ಳುತ್ತಿತ್ತು. ಬಿಟ್ಟು, ಕಾದು ಕೂತರೆ ಅಪರೂಪಕ್ಕೆ ನನ್ನ ಕೋಣೆಯಲ್ಲಿ "ಶಮೀಮಾ" ಎಂದು ಉದುರುತ್ತಿತ್ತು. ಮಗಳು ಎದುರಿಗಿದ್ದರೆ ಒಮ್ಮೆಯೂ ಬರಲಿಲ್ಲ. ಅವಳು ಕಣ್ಣು ದೊಡ್ಡದು ಮಾಡಿ ಕಾಯುವಳು, ಅವರು ಗಾಬರಿಯಾಗುವರು, ಬಿಜಾಗರಿ ಬರುವುದು. ಅವಳು ನಕ್ಕು, "ಪರವಾಗಿಲ್ಲ ಉಪ್ಪ" ಎಂದು ಒಳಗೆ ಹೋಗುವಳು. ಒಳಗೆ ಹೋಗಿ ಅಳುತ್ತಿದ್ದಳೆಂದು ಖತೀಜಮ್ಮ ನನಗೆ ಹೇಳಿದರು.

ನಿಖಾಕ್ಕೆ ಮೊದಲು ನಾವು ಖತೀಬರನ್ನು ಕಂಡೆವು. ವಾಡಿಕೆಯಂತೆ ಅವರು ತುಂಡು ತುಂಡಾಗಿ ಹೇಳಿಕೊಡುತ್ತಾರೆ, ತಂದೆ ಅದನ್ನೇ ಹೇಳುತ್ತಾರೆ. ಉಳಿದ ಅರಬಿ ಮಾತುಗಳನ್ನು ಹಸನಬ್ಬನವರು ದಿನವೂ ಹೇಳಿ ಹೇಳಿ ಬಾಯಿಪಾಠ ಮಾಡಿಕೊಂಡಿದ್ದರು, ಅಲ್ಲಿ ಭಯವಿರಲಿಲ್ಲ. ಹೆಸರಿನ ಜಾಗದಲ್ಲಿ ಮಾತ್ರ ನೀವು ಹೇಳಿಕೊಡದೆ ಸುಮ್ಮನೆ ನಿಲ್ಲಬೇಕು, ಎಷ್ಟು ಹೊತ್ತಾದರೂ ಸರಿ ಎಂದು ಕೇಳಿಕೊಂಡೆ. ಅವರು ಗಡ್ಡ ನೀವಿಕೊಂಡು, "ನಾನು ಕಾಯ್ತೇನೆ ಮೇಡಂ. ಬಿರಿಯಾನಿ ತಣ್ಣಗಾದ್ರೆ ಆಗ್ಲಿ" ಎಂದರು. ಅಂಥವರ ಜೊತೆ ಕೆಲಸ ಮಾಡುವುದು ಸುಖ.

ನಿಖಾದ ದಿನ ಕಡಬದ ಮದುವೆ ಹಾಲಿನಲ್ಲಿ ನಾನು ಮೇಲಿನ ಮಹಡಿಯಲ್ಲಿ, ಹೆಂಗಸರ ಕಡೆ, ಶಮೀಮಾಳ ಪಕ್ಕದಲ್ಲೇ ಕೂತಿದ್ದೆ. ಗಂಡಸರೆಲ್ಲ ಕೆಳಗೆ. ಅಲ್ಲಿನದ್ದು ನಮಗೆ ಕಾಣಿಸುವುದಿಲ್ಲ, ಮೈಕಿನಲ್ಲಿ ಕೇಳಿಸುವುದಷ್ಟೇ. ಖತೀಬರ ಗಂಭೀರ ಸ್ವರ, ಹಿಂದೆಯೇ ಹಸನಬ್ಬನವರ ಒರಟು ಸ್ವರ. ಒಂದು ತುಂಡು ಸರಿಯಾಯಿತು, ಇನ್ನೊಂದೂ ಸರಿಯಾಯಿತು. ನನ್ನ ಮಗಳು ಎಂಬಲ್ಲಿಯವರೆಗೆ ಬಂದರು. ಖತೀಬರು ಮಾತು ಕೊಟ್ಟಂತೆ ನಿಲ್ಲಿಸಿದರು.

ಅಷ್ಟು ದೊಡ್ಡ ಹಾಲಿನಲ್ಲಿ ಫ್ಯಾನು ತಿರುಗುವುದು ಕೇಳುತ್ತಿತ್ತು. ಖತೀಜಮ್ಮ ಕಣ್ಣುಮುಚ್ಚಿ ಸ್ವಲಾತ್ ಹೇಳುತ್ತಿದ್ದರು. ಒಂದು ಮುಗಿದು ಮತ್ತೊಂದು ಶುರುವಾದದ್ದು ಅವರ ತುಟಿಯಿಂದಲೇ ಗೊತ್ತಾಗುತ್ತಿತ್ತು. ಶಮೀಮಾ ತಲೆ ತಗ್ಗಿಸಿ ನನ್ನ ಕೈಯನ್ನು ಹಿಂಡುತ್ತಿದ್ದಳು. ಮೈಕಿನಲ್ಲಿ ಉಸಿರು ಕೇಳಿತು. ಆಮೇಲೆ, "ಬಿ..." ಎಂದಿತು.

ಕೆಳಗೆ ಯಾರೋ ಕೆಮ್ಮಿದರು. ಅಷ್ಟರಲ್ಲಿ ಮೈಕಿಗೆ ಹತ್ತಿರದಿಂದಲೇ ಅದ್ರಾಮರ ಸ್ವರ ಬಂತು, "ಹೆಸರು ನಾನು ಹೇಳ್ಲಾ?" ಅಯ್ಯೋ, ಈ ಮನುಷ್ಯ ಪೆಪ್ಪರ್‌ಮಿಂಟ್ ನುಂಗಿಬಿಟ್ಟ ಎಂದುಕೊಂಡೆ. ಆಗ ಹಸನಬ್ಬನವರು ಬ್ಯಾರಿ ಭಾಷೆಯಲ್ಲಿ, ಇಡೀ ಹಾಲಿಗೆ ಕೇಳುವಂತೆ, "ಬೇಡ. ನಾನು ಹೇಳ್ತೇನೆ. ನನ್ನ ಮಗಳು" ಎಂದರು. ಕಾಯಿಲೆ ಬಿದ್ದ ಮೇಲೆ ಅವರು ತಾವಾಗಿಯೇ ಆಡಿದ ಅತಿ ಉದ್ದದ ಮಾತು ಅದು. ಯಾರೂ ಬಾಯಿ ಹಾಕಲಿಲ್ಲ, ಕೆಮ್ಮಲೂ ಇಲ್ಲ.

"ಶಮೀಮಾ" ಎಂದರು. ಹಿತ್ತಲಿನಲ್ಲಿರುವವಳನ್ನು ಚಾವಡಿಯಿಂದ ಕರೆದ ಹಾಗೆ, ಅಷ್ಟು ಗಟ್ಟಿಯಾಗಿ.

ನನ್ನ ಕಣ್ಣಿನಿಂದ ನೀರು ಸುರಿಯಿತು, ಒರೆಸಿಕೊಳ್ಳಲು ಕೈ ಇರಲಿಲ್ಲ, ಅದನ್ನು ಶಮೀಮಾ ಹಿಡಿದುಕೊಂಡಿದ್ದಳು. ಮದುಮಗಳಾದವಳು ಆ ಹೊತ್ತಿಗೆ ತಲೆ ತಗ್ಗಿಸಿ ಸುಮ್ಮನೆ ಕೂರಬೇಕು. ಇವಳು ನನ್ನ ಕೈ ಬಿಟ್ಟು, ತಲೆ ಎತ್ತಿ, ಅಷ್ಟೂ ಹೆಂಗಸರ ನಡುವೆ, "ಓ, ಉಪ್ಪಾ" ಎಂದು ಓಗೊಟ್ಟಳು.